ನಮ್ಮ ನಾನೂರು ಪದಗಳನ್ನು ನುಂಗಿದ್ದು ಯಾರು?

(ಬಳ್ಳಾರಿಯಲ್ಲಿ ಸೇರಿದ್ದ ಕನ್ನಡ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಬಳ್ಳಾರಿಯ, ಸಿರುಗುಪ್ಪದ, ಕುರುಗೋಡಿನ ಕನ್ನಡದ ಗೆಳೆಯರೇ, ಅಕ್ಕ ತಂಗಿಯರೇ, ಹಿಂದಿನ ಸಾಲಿನಲ್ಲಿ ಕೂತು "ಈ ಹುಡುಗರು ಏನು ಮಾತಾಡ್ತಾರೋ ನೋಡೋಣ" ಅಂದುಕೊಳ್ಳುತ್ತಿರುವ ಹಿರಿಯರೇ,

ನಾಡಗೀತೆ ಆಯಿತು, ಹಾರ ಆಯಿತು, ಶಾಲು ಹೊದಿಸಿದ್ದೂ ಆಯಿತು. ಬಳ್ಳಾರಿಯ ಬಿಸಿಲಿನಲ್ಲಿ ಶಾಲು ಹೊದಿಸುವ ಪದ್ಧತಿಯನ್ನು ಯಾರು ಶುರು ಮಾಡಿದರೋ ಅವರಿಗೊಂದು ದೊಡ್ಡ ನಮಸ್ಕಾರ. ಅದನ್ನು ಮಡಿಸಿ ಪಕ್ಕಕ್ಕಿಟ್ಟು ವಿಷಯಕ್ಕೆ ಬರುತ್ತೇನೆ.

ನಾನು ಭಾಷಣಕಾರನಲ್ಲ. ತಂತ್ರಾಂಶ ಬರೆದು ಹೊಟ್ಟೆ ಹೊರೆಯುವವನು, ಸಿರುಗುಪ್ಪ ತಾಲ್ಲೂಕಿನ ರೈತನ ಮಗ. ಇವತ್ತು ನಾನು ಬಾವುಟದ ಬಗ್ಗೆ ಮಾತಾಡುವುದಿಲ್ಲ, ನಾಮಫಲಕದ ಬಗ್ಗೆಯೂ ಮಾತಾಡುವುದಿಲ್ಲ. ಅವನ್ನು ನನಗಿಂತ ಚೆನ್ನಾಗಿ ಮಾತಾಡುವವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ಮಾತಾಡುವುದು ಒಂದು ಕಳವಿನ ಬಗ್ಗೆ. 2006ರಲ್ಲಿ ನಮ್ಮ ನಾನೂರಕ್ಕೂ ಹೆಚ್ಚು ಕನ್ನಡ ಪದಗಳು ಒಂದೇ ರಾತ್ರಿಯಲ್ಲಿ ಮಾಯವಾದವು. ಕದ್ದವರು ಪರಭಾಷೆಯವರಲ್ಲ, ದೆಹಲಿಯವರಲ್ಲ, ಬೆಂಗಳೂರಿನವರೂ ಅಲ್ಲ. ಯಾರೆಂದು ಹೇಳುತ್ತೇನೆ, ಸ್ವಲ್ಪ ತಾಳಿ.

ನಾವು ಮೂವರಿದ್ದೆವು. ಒಬ್ಬ ಸಿರುಗುಪ್ಪದಲ್ಲಿ, ಒಬ್ಬ ಕುರುಗೋಡಿನಲ್ಲಿ, ನಾನು ಬಳ್ಳಾರಿ ಪೇಟೆಯಲ್ಲಿ. ಪಠ್ಯಪುಸ್ತಕದಲ್ಲಿ ಭತ್ತ ಅಂತ ಇರುತ್ತದೆ, ನಮ್ಮ ಕಣದಲ್ಲಿ ಅದು ನೆಲ್ಲು. ಪುಸ್ತಕದಲ್ಲಿ ಕಪ್ಪು ಮಣ್ಣು, ಕೆಂಪು ಮಣ್ಣು. ನಮ್ಮಪ್ಪನ ಬಾಯಲ್ಲಿ ಎರೆ, ಮಸಾರಿ. ನೆಲದೊಳಗೆ ಕಾಳು ತುಂಬಿಡುವ ಹಗೇವು ಎಂಬ ಮಾತನ್ನು ನನ್ನ ಮಗನಿಗೆ ಹೇಳಿದರೆ ಅದು ಯಾವ ಸಿನಿಮಾ ಅಂತ ಕೇಳುತ್ತಾನೆ. ಈ ಮಾತುಗಳು ಹೋಗುತ್ತಿವೆ, ಬರೆದಿಡೋಣ ಅಂತ ನಮಗೆ ಹುಚ್ಚು ಹಿಡಿಯಿತು. ಸಿರುಗುಪ್ಪದವನು ತುಂಗಭದ್ರೆಯ ಕಾಲುವೆ ಬದಿಯ ಹಳ್ಳಿಗಳಲ್ಲಿ ನೀರಿನ, ನಾಟಿಯ, ರಾಶಿಯ ಮಾತು ಕೂಡಿಸಿದ. ಕುರುಗೋಡಿನವನು ಕಲ್ಲು ಒಡೆಯುವವರ ಹತ್ತಿರ ಕೂತ. ಉಳಿ, ಚಾಣ ಮೊದಲಾಗಿ ಅವರ ಕೈಯಲ್ಲಿರುವ ಒಂದೊಂದಕ್ಕೂ ಒಂದೊಂದು ಹೆಸರು. ದೊಡ್ಡ ಬಸವೇಶ್ವರನ ಜಾತ್ರೆಯಲ್ಲಿ ತೇರು ಕಟ್ಟುವವರ ಮಾತನ್ನೂ ಬರೆದುಕೊಂಡು ಬಂದ. ನನ್ನ ಕೆಲಸ ಇಬ್ಬರದನ್ನೂ ಒಟ್ಟು ಮಾಡಿ ಟೈಪು ಮಾಡುವುದು.

ಆಮೇಲೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಇಲ್ಲಿ ಪ್ರಾಜೆಕ್ಟ್ ವರದಿ ಬರೆದ ಇಂಜಿನಿಯರಿಂಗ್ ಹುಡುಗರಿದ್ದಾರೆ, ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುವವರಿದ್ದಾರೆ. ಮೊದಲು ಒಂದು ಕಡತ: "ಪದಪಟ್ಟಿ". ವಾರ ಕಳೆದ ಮೇಲೆ "ಪದಪಟ್ಟಿ ಹೊಸದು". ತಿಂಗಳಾದ ಮೇಲೆ "ಪದಪಟ್ಟಿ ಕೊನೆ". ಆಮೇಲೆ "ಪದಪಟ್ಟಿ ಕೊನೆ 2". ಆಮೇಲೆ "ಪದಪಟ್ಟಿ ನಿಜವಾದ ಕೊನೆ". ನಗುತ್ತೀರಿ! ನಿಮ್ಮ ಪೆನ್ ಡ್ರೈವ್ ತೆಗೆದು ಈ ಪರದೆ ಮೇಲೆ ತೋರಿಸಲೇನು?

ಒಂದು ರಾತ್ರಿ ಕುರುಗೋಡಿನವನು ತಂದ ಪೆನ್ ಡ್ರೈವಿನಿಂದ ಅವನ ಕಡತವನ್ನು ನನ್ನ ಗಣಕಕ್ಕೆ ನಕಲು ಮಾಡಿದೆ. ಹೆಸರು ಎರಡಕ್ಕೂ ಒಂದೇ ಇತ್ತು. ಇರುವ ಕಡತದ ಜಾಗದಲ್ಲಿ ಇದನ್ನು ಇಡಲೇ ಅಂತ ಗಣಕ ಇಂಗ್ಲಿಷಿನಲ್ಲಿ ಕೇಳಿತು. ಓದಲಿಲ್ಲ. ನಿದ್ದೆಗಣ್ಣಿನಲ್ಲಿ "ಯೆಸ್" ಒತ್ತಿದೆ. ಅಷ್ಟೇ! ಸಿರುಗುಪ್ಪದ ಆರು ತಿಂಗಳ ಕೆಲಸ ಹೋಯಿತು. ಅವನ ಹತ್ತಿರ ಇದ್ದದ್ದು ಮೊದಲ ತಿಂಗಳ ಪ್ರತಿ ಮಾತ್ರ. ಆ ಕಳ್ಳ ನಾನೇ, ಗೆಳೆಯರೇ.

ಮತ್ತೆ ಕೂಡಿಸಿದರಾಯಿತು ಅಂತ ನೀವು ಹೇಳಬಹುದು. ಮತ್ತೆ ಹೋದೆವು. ತೆಕ್ಕಲಕೋಟೆ ಕಡೆಯ ಒಬ್ಬ ಅಜ್ಜಿ ಕಳೆ ತೆಗೆಯುವ, ಒಕ್ಕುವ, ತೂರುವ ಕೆಲಸದ ಮಾತುಗಳನ್ನೇ ಎರಡು ದಿನ ಹೇಳಿದ್ದರು, ನಡುನಡುವೆ ಬೈಯುತ್ತಾ. ನಾವು ಎರಡನೇ ಸಲ ಹೋಗುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಮನೆಯವರು ಚಹಾ ಕೊಟ್ಟರು. ಸೊಸೆಯನ್ನು ಕೇಳಿದೆವು. "ಅತ್ತಿಗೆ ಗೊತ್ತಿತ್ರಿ, ನಮಗೆ ಗೊತ್ತಿಲ್ಲ" ಅಂದರು.

ಮದ್ದು ಆಗಲೇ ಬಂದಿತ್ತು!

ಇಲ್ಲಿ ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ ಒಂದಿದೆ. ನಾವು ತಲೆ ಮೇಲೆ ಕೈ ಹೊತ್ತು ಕೂತಿದ್ದ 2006ರಲ್ಲಿ ಈ ರೋಗಕ್ಕೆ ಮದ್ದು ಆಗಲೇ ಬಂದಿತ್ತು. ಒಂದಲ್ಲ, ನಾಲ್ಕಾರು. ಅದೂ ಪುಕ್ಕಟೆ. ಒಳಗೇನಿದೆ ಅಂತ ಬಿಚ್ಚಿ ನೋಡಿ, ಬೇಕಾದಂತೆ ತಿದ್ದಿ, ನಾಲ್ಕು ಜನಕ್ಕೆ ಹಂಚುವ ಹಕ್ಕಿನ ಸಮೇತ. ನಮಗದು ಗೊತ್ತಾಗಲಿಲ್ಲ, ಯಾಕೆಂದರೆ ಕನ್ನಡದಲ್ಲಿ ನಮಗೆ ಹೇಳಿದವರು ಯಾರೂ ಇರಲಿಲ್ಲ.

ಈ ಮದ್ದಿಗೆ ಪಂಡಿತರು "ಆವೃತ್ತಿ ನಿಯಂತ್ರಣ ತಂತ್ರಾಂಶ" ಅನ್ನುತ್ತಾರೆ. ನಿಯಂತ್ರಣ ಅಂದಕೂಡಲೇ ನನಗೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ನೆನಪಾಗುತ್ತದೆ. ಆದ್ದರಿಂದ ಬೇರೆ ರೀತಿ ಹೇಳುತ್ತೇನೆ. ಇಲ್ಲಿ ಹೊಲ ಇರುವ ಮನೆಯವರು ಕೈ ಎತ್ತಿ. ನಿಮಗೆಲ್ಲ ಪಹಣಿ ಗೊತ್ತು, ಮ್ಯುಟೇಶನ್ ಗೊತ್ತು. ಹೊಲ ಅಜ್ಜನಿಂದ ಅಪ್ಪನಿಗೆ ಬಂತು, ಅಪ್ಪನಿಂದ ಇಬ್ಬರು ಮಕ್ಕಳಿಗೆ ಹಂಚಿತು, ಒಬ್ಬ ಮಾರಿದ. ಹಳೆಯ ಹೆಸರನ್ನು ರಬ್ಬರಿನಿಂದ ಅಳಿಸುತ್ತಾರೆಯೇ? ಇಲ್ಲ. ಯಾವ ತಾರೀಖು, ಯಾರಿಂದ ಯಾರಿಗೆ, ಯಾವ ಕಾರಣಕ್ಕೆ ಅಂತ ಮ್ಯುಟೇಶನ್ ರಿಜಿಸ್ಟರಿನಲ್ಲಿ ಬರೆದು ನಂಬರು ಹಾಕುತ್ತಾರೆ. ಐವತ್ತು ವರ್ಷ ಆದ ಮೇಲೂ ಹಿಂದಕ್ಕೆ ಹೋಗಿ ನೋಡಬಹುದು. ಬರವಣಿಗೆಗೂ ಅಂಥದೇ ರಿಜಿಸ್ಟರು ಇಡುವ ತಂತ್ರಾಂಶ ಇದು. ಯಾವ ಸಾಲನ್ನು ಯಾರು, ಯಾವಾಗ, ಯಾಕೆ ಬದಲಿಸಿದರು. ಬದಲಿಸುವ ಮುಂಚೆ ಏನಿತ್ತು. ಏನನ್ನೂ ಅಳಿಸುವುದಿಲ್ಲ. ಬೇಕಾದ ದಿನಕ್ಕೆ ವಾಪಸ್ಸು ಹೋಗಬಹುದು.

ಇದರ ಹಿಂದಿನ ಕಥೆ ಸ್ವಾರಸ್ಯವಾಗಿದೆ. 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಎಂಬಾತ ಇಂಥ ಮೊದಲ ತಂತ್ರಾಂಶ ಬರೆದ. 1982ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಚಿ ಅದಕ್ಕಿಂತ ಸಲೀಸಾದ ಇನ್ನೊಂದನ್ನು ತಂದ. ಆದರೆ ಅವುಗಳಲ್ಲಿ ಒಬ್ಬ ಕಡತವನ್ನು ತೆಗೆದುಕೊಂಡರೆ ಬೀಗ ಹಾಕಿದ ಹಾಗೆ, ಅವನು ಬಿಡುವ ತನಕ ಉಳಿದವರು ಕಾಯಬೇಕು. ಆಗ ಆಮ್‌ಸ್ಟರ್‌ಡ್ಯಾಮಿನ ಒಬ್ಬ ಮೇಷ್ಟ್ರು, ಡಿಕ್ ಗ್ರೂನ್ ಅಂತ, ಇಬ್ಬರು ವಿದ್ಯಾರ್ಥಿಗಳ ಜೊತೆ ಸೇರಿ ಒಂದು ಕಂಪೈಲರ್ ಬರೆಯುತ್ತಿದ್ದರು. ಒಬ್ಬ ಹುಡುಗ ಬೆಳಗ್ಗೆ ಒಂಬತ್ತಕ್ಕೆ ಬಂದು ಸಂಜೆ ಐದಕ್ಕೆ ಹೋಗುವ ಶಿಸ್ತಿನವನು. ಇನ್ನೊಬ್ಬ ಯಾವಾಗ ಬರುತ್ತಾನೋ ದೇವರಿಗೇ ಗೊತ್ತು. ಮೇಷ್ಟ್ರಿಗೆ ಬಿಡುವು ಸಿಕ್ಕುವುದು ಸಂಜೆ ಮಾತ್ರ. ಮೂವರೂ ಒಂದೇ ಕಡತದಲ್ಲಿ ಕೈಯಾಡಿಸಿದರೂ ಒಬ್ಬರದು ಒಬ್ಬರು ಅಳಿಸದ ಹಾಗೆ ಮೇಷ್ಟ್ರು ಒಂದಿಷ್ಟು ಪುಟ್ಟ ಸ್ಕ್ರಿಪ್ಟುಗಳನ್ನು ಬರೆದರು. 1986ರಲ್ಲಿ ಅದನ್ನು ಲೋಕಕ್ಕೆಲ್ಲ ಬಿಟ್ಟುಕೊಟ್ಟರು. ಅದೇ ಸಿವಿಎಸ್. 1989ರಲ್ಲಿ ಬ್ರಯಾನ್ ಬರ್ಲಿನರ್ ಅದನ್ನು ಸಿ ಭಾಷೆಯಲ್ಲಿ ಬರೆದ ಮೇಲೆ ಮುಕ್ತ ತಂತ್ರಾಂಶದವರೆಲ್ಲ ಹತ್ತು ಹದಿನೈದು ವರ್ಷ ಅದನ್ನೇ ನಂಬಿ ಬದುಕಿದರು.

ನೋಡಿ, ಅವರೂ ಮೂವರೇ! ನಾವೂ ಮೂವರೇ. ನಮಗಿಂತ ಇಪ್ಪತ್ತು ವರ್ಷ ಮುಂಚೆ ನಮ್ಮದೇ ಕಷ್ಟ ಪಟ್ಟು, ಪರಿಹಾರ ಬರೆದು, ಊರಿಗೆಲ್ಲ ಹಂಚಿದ್ದರು.

ಆಮೇಲೆ ಸಬ್‌ವರ್ಷನ್ ಬಂತು. ಸಿವಿಎಸ್‌ನಲ್ಲಿ ಕಡತದ ಹೆಸರು ಬದಲಿಸಿದರೆ ಅದರ ಹಿಂದಿನ ಚರಿತ್ರೆ ತಪ್ಪಿಹೋಗುತ್ತಿತ್ತು, ಸಬ್‌ವರ್ಷನ್ ಅಂಥ ತೊಂದರೆಗಳನ್ನು ಸರಿ ಮಾಡಿತು. ಕೆಲಸ ಶುರುವಾದದ್ದು 2000ದಲ್ಲಿ, 1.0 ಬಿಡುಗಡೆ ಆದದ್ದು 23 ಫೆಬ್ರವರಿ 2004ರಂದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇವೆರಡಕ್ಕೂ ಒಂದೇ ಕೊರತೆ: ರಿಜಿಸ್ಟರು ಇರುವುದು ಒಂದೇ ಕಚೇರಿಯಲ್ಲಿ. ಕಚೇರಿಗೆ ತಂತಿ ಸಂಪರ್ಕ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಿರುಗುಪ್ಪದಲ್ಲಿ ಕರೆಂಟು ಹೋದರೆ, ಫೋನು ಕೆಟ್ಟರೆ ನಿಮ್ಮ ಕೆಲಸ ನಿಂತಿತು. ಈ ಕಾಯಿಲೆ ನಮಗೆ ಹೊಸದೇನಲ್ಲ. ಎಲ್ಲ ಕಡತವೂ ಬೆಂಗಳೂರಿಗೆ ಹೋಗಬೇಕು, ಅಲ್ಲಿಂದ ಸಹಿಯಾಗಿ ಬರಬೇಕು!

ಏಳು ಆಜ್ಞೆಗಳ ತಂತ್ರಾಂಶ

ಈಗ 2005ಕ್ಕೆ ಬನ್ನಿ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ನಿಮಗೆ ಗೊತ್ತು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದೂ ಅದೇ. ಅದನ್ನು 1991ರಲ್ಲಿ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಫಿನ್ಲೆಂಡಿನವನು, ಆದರೆ ಮನೆಮಾತು ಫಿನ್ನಿಶ್ ಅಲ್ಲ, ಸ್ವೀಡಿಷ್. ಅಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐದರಷ್ಟು ಜನ. ಅಂದರೆ ನಮ್ಮ ಆದವಾನಿ, ಆಲೂರಿನ ಕನ್ನಡಿಗರ ಹಾಗೆ ತನ್ನ ನೆಲದಲ್ಲೇ ಅಲ್ಪಸಂಖ್ಯಾತ. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಇದಕ್ಕೆ ವಾಪಸ್ಸು ಬರುತ್ತೇನೆ.

ಲಿನಕ್ಸ್‌ಗೆ ಲೋಕದ ಮೂಲೆಮೂಲೆಯಿಂದ ಸಾವಿರಾರು ಜನ ತಿದ್ದುಪಡಿ ಕಳಿಸುತ್ತಿದ್ದರು. ಅದನ್ನು ಸಂಭಾಳಿಸಲು 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಕಂಪನಿಯ ತಂತ್ರಾಂಶ ಬಳಸುತ್ತಿದ್ದರು. ಕಂಪನಿ ಪುಕ್ಕಟೆ ಕೊಟ್ಟಿತ್ತು, ಆದರೆ ಷರತ್ತು ಹಾಕಿತ್ತು: ಇದಕ್ಕೆ ಪೈಪೋಟಿ ಕೊಡುವ ತಂತ್ರಾಂಶವನ್ನು ಬಳಸುವವರು ಬರೆಯಕೂಡದು. ಮುಕ್ತ ತಂತ್ರಾಂಶದ ಮನೆಗೆ ಕಂಪನಿಯ ಬೀಗ! ಹಲವರು ಆಗಲೇ ಕೂಗಾಡಿದರು. ಲಿನಸ್ ಕೇಳಲಿಲ್ಲ. ಆಸ್ಟ್ರೇಲಿಯಾದ ಆಂಡ್ರೂ ಟ್ರಿಡ್ಜೆಲ್ ಎಂಬ ಮುಕ್ತ ತಂತ್ರಾಂಶದ ದಿಗ್ಗಜ ಆ ಬಿಟ್‌ಕೀಪರ್ ಸರ್ವರಿನ ಜೊತೆ ಮಾತಾಡುವ ತನ್ನದೇ ಪುಟ್ಟ ತಂತ್ರಾಂಶ ಬರೆದ. ಕಂಪನಿಗೆ ಕೋಪ ಬಂತು, 2005ರ ಏಪ್ರಿಲ್‌ನಲ್ಲಿ ಪುಕ್ಕಟೆ ಪರವಾನಗಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಏನೋ ದೊಡ್ಡ ಗೂಢಚಾರಿಕೆ ಮಾಡಿದ ಅಂತ ಟ್ರಿಡ್ಜೆಲ್ ಮೇಲೆ ಗುಲ್ಲೆದ್ದಿತು. ಅದೇ ತಿಂಗಳು ಕ್ಯಾನ್‌ಬೆರಾದ ಸಮ್ಮೇಳನದಲ್ಲಿ ಆತ ಎಲ್ಲರೆದುರು ಮಾಡಿ ತೋರಿಸಿದ. ಸರ್ವರಿಗೆ ಸಂಪರ್ಕ ಮಾಡಿ "ಹೆಲ್ಪ್" ಅಂತ ಟೈಪು ಮಾಡಿದ. ಅದು ತನ್ನ ಆಜ್ಞೆಗಳ ಪಟ್ಟಿಯನ್ನು ತಾನೇ ಒಪ್ಪಿಸಿತು! ಇಷ್ಟೇ ಗೂಢಚಾರಿಕೆ. ಅದೇ ಬಿಟ್‌ಕೀಪರನ್ನು ಕಂಪನಿ 2016ರಲ್ಲಿ ತಾನಾಗಿಯೇ ಮುಕ್ತ ಮಾಡಿತು. ಆ ಹೊತ್ತಿಗೆ ಕೇಳುವವರು ಇರಲಿಲ್ಲ.

ಯಾಕೆ ಇರಲಿಲ್ಲ? ಲಿನಸ್ ಕೈಕಟ್ಟಿ ಕೂರಲಿಲ್ಲ. 2005ರ ಏಪ್ರಿಲ್ 3ಕ್ಕೆ ಬರೆಯಲು ಕೂತ. 6ಕ್ಕೆ ಲೋಕಕ್ಕೆ ಹೇಳಿದ. 7ಕ್ಕೆ ಆ ತಂತ್ರಾಂಶ ತನ್ನ ಚರಿತ್ರೆಯನ್ನು ತನ್ನಲ್ಲೇ ಬರೆದಿಟ್ಟುಕೊಳ್ಳಲು ಶುರು ಮಾಡಿತು. ಅದರ ಹೆಸರು ಗಿಟ್. ಬ್ರಿಟಿಷ್ ಆಡುಮಾತಿನಲ್ಲಿ ಅದೊಂದು ಬೈಗುಳ. ನಮ್ಮಲ್ಲಾಗಿದ್ದರೆ ಹೆಸರಿಡುವುದಕ್ಕೇ ಒಂದು ಸಮಿತಿ, ಸಮಿತಿಗೊಂದು ಉಪಸಮಿತಿ!

ಆ ಮೊದಲ ಬಿಡುಗಡೆ ಹೇಗಿತ್ತು ಗೊತ್ತೇ? ಸುಮಾರು ಸಾವಿರ ಸಾಲು. ಒಟ್ಟು ಏಳು ಪುಟ್ಟ ಆಜ್ಞೆಗಳು. ಕಣಜ ಶುರು ಮಾಡಲು ಒಂದು, ಕಡತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಒಂದು, ಇಡೀ ಪಟ್ಟಿಯನ್ನು ಬರೆದಿಡಲು ಒಂದು, ಓದಲು ಒಂದು, ದಾಖಲೆ ಮಾಡಲು ಒಂದು, ಇಟ್ಟದ್ದನ್ನು ತೆರೆದು ತೋರಿಸಲು ಒಂದು, ಏನು ಬದಲಾಯಿತು ಎಂದು ತೋರಿಸಲು ಒಂದು. ಎರಡು ಕವಲು ಕೂಡಿಸುವ ಸೌಕರ್ಯವೂ ಅದರಲ್ಲಿ ಇರಲಿಲ್ಲ. ಅದು ಎರಡು ವಾರದ ಒಳಗೆ ಬಂತು. ಅರೆಬರೆ ಸರಕು ಅಂತ ನಾವು ಮೂಗು ಮುರಿಯುತ್ತಿದ್ದೆವು. ಜೂನ್ 16ಕ್ಕೆ ಲಿನಕ್ಸ್‌ನ 2.6.12 ಆವೃತ್ತಿ ಆ ಅರೆಬರೆ ಸರಕಿನ ಮೇಲೆಯೇ ಹೊರಬಂತು. ಜುಲೈ 26ಕ್ಕೆ ಲಿನಸ್ ಅದರ ಯಜಮಾನಿಕೆಯನ್ನು ಜುನಿಯೋ ಹಮಾನೋ ಎಂಬ ಜಪಾನಿಗೆ ವಹಿಸಿ ಎದ್ದುಹೋದ. ಮೊದಲ ವಾರಗಳಿಂದಲೇ ತಿದ್ದುಪಡಿ ಕಳಿಸುತ್ತಾ ಹೋದದ್ದೇ ಹಮಾನೋನ ಅರ್ಹತೆ. ಡಿಸೆಂಬರ್ 21ಕ್ಕೆ 1.0 ಹೊರಬಂತು.

ಹುಟ್ಟಿಸಿದವನು ನಾಲ್ಕು ತಿಂಗಳೊಳಗೆ ಕುರ್ಚಿ ಬಿಟ್ಟುಕೊಟ್ಟ! ನಮ್ಮ ಕನ್ನಡ ಸಂಘಗಳ ಅಧ್ಯಕ್ಷರನ್ನು ಒಮ್ಮೆ ನೆನಪಿಸಿಕೊಳ್ಳಿ. ಇಲ್ಲಿ ವೇದಿಕೆಯ ಮೇಲಿರುವವರನ್ನು ಬಿಟ್ಟು.

ಗಿಟ್ ಒಂದೇ ಅಲ್ಲ. ಅದೇ ಏಪ್ರಿಲ್‌ನಲ್ಲಿ, ಅದೇ ಬಿಟ್‌ಕೀಪರ್ ಜಗಳದಿಂದಲೇ, 19ನೇ ತಾರೀಖು ಮರ್ಕ್ಯುರಿಯಲ್ ಎಂಬ ಇನ್ನೊಂದು ಬಂತು. ಬಳಸುವುದು ಗಿಟ್‌ಗಿಂತ ಸುಲಭ ಅಂತ ಹಲವರ ಅಭಿಪ್ರಾಯ, ನನ್ನದೂ ಹೌದು. ಆದರೆ ಲೋಕ ಗಿಟ್ ಹಿಂದೆ ಹೋಯಿತು.

ಸಿರುಗುಪ್ಪದ ಕಣಜ, ಬೆಂಗಳೂರಿನ ಕಣಜ

ಇವೆರಡರಲ್ಲೂ ಇರುವ ಮುಖ್ಯ ಸಂಗತಿಯೇ ಇವತ್ತು ನಾನು ನಿಮ್ಮ ಮುಂದೆ ನಿಂತಿರುವುದಕ್ಕೆ ಕಾರಣ. ಇವುಗಳಲ್ಲಿ ಕೇಂದ್ರ ಕಚೇರಿ ಎಂಬುದು ಬೇಕೇ ಇಲ್ಲ. ಗಿಟ್‌ನಲ್ಲಿ ನೀವು ನನ್ನಿಂದ ಒಂದು ಪ್ರತಿ ತೆಗೆದುಕೊಂಡರೆ ಬರೀ ಇವತ್ತಿನ ಕಡತವಷ್ಟೇ ಬರುವುದಿಲ್ಲ. ಮೊದಲ ದಿನದಿಂದ ಇವತ್ತಿನವರೆಗಿನ ಇಡೀ ರಿಜಿಸ್ಟರು ಬರುತ್ತದೆ. ತಹಶೀಲ್ದಾರ್ ಕಚೇರಿಯ ರಿಜಿಸ್ಟರಿನ ಪೂರ್ತಿ ಪ್ರತಿ ಪ್ರತಿಯೊಬ್ಬ ರೈತನ ಮನೆಯ ಪೆಟ್ಟಿಗೆಯಲ್ಲಿ ಇದ್ದ ಹಾಗೆ. ಕಚೇರಿಗೆ ಬೆಂಕಿ ಬಿದ್ದರೂ ಸಿರುಗುಪ್ಪದ ಒಂದು ಪೆಟ್ಟಿಗೆಯಿಂದ ಎಲ್ಲವನ್ನೂ ಮತ್ತೆ ಕಟ್ಟಬಹುದು.

ಹಾಗಾದರೆ ಪೆಟ್ಟಿಗೆಯಲ್ಲಿದ್ದುದನ್ನು ಯಾರಾದರೂ ಗುಟ್ಟಾಗಿ ತಿದ್ದಿದರೆ? ಪ್ರತಿ ದಾಖಲೆಗೂ ಅದರೊಳಗಿನ ಅಕ್ಷರಗಳಿಂದಲೇ ಲೆಕ್ಕ ಹಾಕಿ ತೆಗೆದ 40 ಅಂಕಿ ಅಕ್ಷರಗಳ ಒಂದು ಗುರುತು ಇರುತ್ತದೆ. ಪ್ರತಿ ದಾಖಲೆಯೂ ತನ್ನ ಹಿಂದಿನ ದಾಖಲೆಯ ಗುರುತನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಹಿಂದೆಲ್ಲೋ ಒಂದು ಒತ್ತು ತೆಗೆದರೂ ಅಲ್ಲಿಂದ ಮುಂದಿನ ಗುರುತುಗಳೆಲ್ಲ ಬದಲಾಗುತ್ತವೆ, ಉಳಿದವರ ಪ್ರತಿಗೆ ತಾಳೆಯಾಗುವುದಿಲ್ಲ. ಸಿಕ್ಕಿಬಿದ್ದ ಅಂತಲೇ ಲೆಕ್ಕ.

ಕನ್ನಡದ ಕೆಲಸಕ್ಕೆ ಇಂಥದ್ದು ಎಷ್ಟು ಅಗತ್ಯವಿತ್ತು ನೋಡಿ. 1998ರಲ್ಲಿ ಶೇಷಾದ್ರಿವಾಸು ಅವರ "ಬರಹ" ಬಂತು. ಕನ್ನಡ ಗಣಕ ಪರಿಷತ್ತಿನ "ನುಡಿ" ಬಂತು. ಅದಕ್ಕೂ ಮುಂಚೆ ಕೆ.ಪಿ. ರಾವ್ ಅವರು ಇವತ್ತು ನಾವೆಲ್ಲ ಕುಟ್ಟುವ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟಿದ್ದರು. ಇವರೆಲ್ಲರ ಋಣ ನಮ್ಮ ಮೇಲಿದೆ. ಆದರೆ ಆ ದಿನಗಳ ಕೆಲಸ ಸಾಲುಸಾಲಾಗಿ ಹೇಗೆ ಬೆಳೆಯಿತು ಎಂಬ ರಿಜಿಸ್ಟರು ಜನರ ಕೈಯಲ್ಲಿ ಇಲ್ಲ. ಯಾರ ಅಕ್ಷರ ಯಾರದು ಎಂಬ ವಾದ ಎದ್ದಾಗ ಇಬ್ಬರೂ ಬಾಯಿಮಾತಿನಲ್ಲೇ ಜಗಳವಾಡಬೇಕಾಯಿತು. ಅದರ ತೀರ್ಪು ಕೊಡುವವನು ನಾನಲ್ಲ. ರಿಜಿಸ್ಟರು ಇದ್ದಿದ್ದರೆ ತೀರ್ಪೇ ಬೇಕಿರಲಿಲ್ಲ.

ಇದರ ಎದುರಿಗೆ ಇನ್ನೊಂದನ್ನು ಇಡಿ. ಲಿನಕ್ಸ್ ಮೇಲೆ ಕೂರುವ ಕೆಡಿಇ, ಗ್ನೋಮ್ ಎಂಬ ಪರಿಸರಗಳನ್ನು ಕನ್ನಡಕ್ಕೆ ತಂದವರಿದ್ದಾರೆ. "ಉಳಿಸು", "ತೆರೆ", "ಅಳಿಸು" ಅಂತ ಸಾವಿರಾರು ಸಾಲು. ಗ್ನೋಮ್‌ನಲ್ಲಿ ಆ ಕೆಲಸ "ಕೆಎನ್ ಡಾಟ್ ಪಿಒ" ಎಂಬ ಕಡತಗಳಲ್ಲಿ ಇದೆ. ಕೆಎನ್ ಅಂದರೆ ಕನ್ನಡ. ಕೆಡಿಇಯವರು 2005ರ ಮೇ ತಿಂಗಳಲ್ಲಿ ಸಿವಿಎಸ್‌ನಿಂದ ಸಬ್‌ವರ್ಷನ್‌ಗೆ ಹೋದರು. ಗ್ನೋಮ್‌ನವರು ಸಿವಿಎಸ್ ಬಿಟ್ಟು ಸಬ್‌ವರ್ಷನ್‌ಗೆ, ಅಲ್ಲಿಂದ 2009ರಲ್ಲಿ ಗಿಟ್‌ಗೆ ಬಂದರು. ಹೀಗೆ ಮನೆ ಬದಲಿಸುವಾಗಲೂ ಹಳೆಯ ರಿಜಿಸ್ಟರನ್ನು ಹೊತ್ತುಕೊಂಡೇ ಹೋದರು. ಇವತ್ತು ನೀವು ಕೂತಲ್ಲಿಂದಲೇ ಆ ಕಡತಗಳ ಒಂದೊಂದು ಸಾಲನ್ನು ತೆಗೆದು ಯಾರು, ಯಾವ ದಿನ ತಿದ್ದಿದರು ಅಂತ ನೋಡಬಹುದು. ಅನುವಾದ ಚೆನ್ನಾಗಿಲ್ಲ ಅನ್ನಿಸಿದರೆ ಬೈಯುವ ಬದಲು ತಿದ್ದಿ ಕಳಿಸಬಹುದು. ಕೆಲವು ಅನುವಾದ ನಿಜಕ್ಕೂ ಚೆನ್ನಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ್ದೂ ಇದೇ ದಾರಿ. ಪ್ರತಿ ಪುಟದ ಮೇಲೂ ಅದರ ಇತಿಹಾಸ ನೋಡುವ ಗುಂಡಿ ಇದೆ. ಎಷ್ಟು ಜನ ಒತ್ತಿದ್ದೀರಿ?

340, 262, 225

ಮದ್ದು ಒಳ್ಳೆಯದು ನಿಜ. ಆದರೆ ಅದರಲ್ಲಿ ನಮಗೆ ಕಹಿಯಾಗುವ ಅಂಶಗಳೂ ಇವೆ. ಕನ್ನಡದ ವೇದಿಕೆಯಲ್ಲಿ ಅದನ್ನು ಮುಚ್ಚಿಡಬಾರದು.

ನಾವು ಗಿಟ್ ಕಲಿತು ಮೊದಲ ಕಡತಕ್ಕೆ ಕನ್ನಡದಲ್ಲೇ ಹೆಸರಿಟ್ಟೆವು, ಕ ಅಕ್ಷರದ ಪದಗಳಿಗೆ "ಕ" ಅಂತಲೇ. ಏನೇನು ಬದಲಾಗಿದೆ ಹೇಳು ಅಂತ ಗಿಟ್ ಅನ್ನು ಕೇಳಿದರೆ ಅದು ಹೇಳಿದ್ದು: 340, 262, 225! ಕನ್ನಡದ ಒಂದೊಂದು ಅಕ್ಷರವನ್ನೂ ಯುನಿಕೋಡಿನ ಮೂರು ಬೈಟುಗಳಾಗಿ ಒಡೆದು, ಅವನ್ನು ಎಂಟರ ಮೂಲದ ಅಂಕಿಗಳಲ್ಲಿ ತೋರಿಸುತ್ತದೆ. ಇಂಗ್ಲಿಷ್ ಹೆಸರು ಹೆಸರಾಗಿಯೇ ಕಾಣುತ್ತದೆ, ಕನ್ನಡದ ಹೆಸರು ಜೈಲಿನ ಕೈದಿಯ ನಂಬರಿನ ಹಾಗೆ. ನನ್ನ ಸಿರುಗುಪ್ಪದ ಗೆಳೆಯನಿಗೆ ರೇಗಿಹೋಯಿತು, "ಕಿತ್ತು ಬಿಸಾಕು" ಅಂದ. ಆದರೆ ಒಳಗೆ ಕನ್ನಡ ಕೆಟ್ಟಿರಲಿಲ್ಲ, ತೋರಿಸುವ ರೀತಿ ಮಾತ್ರ ಹಾಗೆ. "ಕೋರ್ ಡಾಟ್ ಕೋಟ್‌ಪಾತ್" ಎಂಬ ಒಂದು ಸೆಟ್ಟಿಂಗನ್ನು "ಫಾಲ್ಸ್" ಮಾಡಿದರೆ ಸಾಕು, ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಬರೆದುಕೊಳ್ಳಿ. ಕಡತದ ಹೆಸರು, ಕವಲಿನ ಹೆಸರು, ದಾಖಲೆಯ ಜೊತೆ ಬರೆಯುವ ಕಾರಣ, ಬರೆದವರ ಹೆಸರು, ಎಲ್ಲವೂ ಕನ್ನಡದಲ್ಲಿ ಇರಬಹುದು. ನಮ್ಮ ಪದಪಟ್ಟಿಯ ರಿಜಿಸ್ಟರಿನಲ್ಲಿ "ಕುರುಗೋಡಿನ ಕಲ್ಲು ಕೆಲಸದ ಹನ್ನೆರಡು ಪದ ಸೇರಿಸಿದೆ" ಅಂತಲೇ ಇದೆ.

ಎರಡನೆಯದು ನಮ್ಮದೇ ಹಳೆಯ ಪಾಪ. ಯುನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಟೈಪು ಮಾಡಿದ ಕಡತದ ಒಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ; ಫಾಂಟು ಅದರ ಮೇಲೆ ಕನ್ನಡದ ವೇಷ ಹಾಕಿರುತ್ತದೆ. ಅಂಥ ಕಡತವನ್ನು ಗಿಟ್‌ಗೆ ಕೊಟ್ಟರೆ ವೇಷ ಕಳಚುತ್ತದೆ. ಏನು ಬದಲಾಯಿತೆಂದು ನೋಡಹೋದರೆ ಒಂದಕ್ಷರವೂ ಓದಲಾಗುವುದಿಲ್ಲ. ವರ್ಡ್ ಕಡತವಾದರೆ ಇನ್ನೂ ಕಷ್ಟ, ಸಾಲುಸಾಲಿನ ಹೋಲಿಕೆಯೇ ಸಿಕ್ಕುವುದಿಲ್ಲ. ಆದ್ದರಿಂದ ಮೊದಲು ಯುನಿಕೋಡಿಗೆ ತನ್ನಿ, ಬರೀ ಪಠ್ಯದ ಕಡತ ಮಾಡಿ, ಸಾಲಿಗೊಂದು ಪದ ಬರೆಯಿರಿ. ಕನ್ನಡಕ್ಕೆ ಯುನಿಕೋಡಿನಲ್ಲಿ 1991ರಿಂದಲೇ ಜಾಗ ಇದೆ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟೂ ಬಂತು. ತಡ ಮಾಡಿದ್ದು ನಾವು.

ಮೂರನೆಯದು ಕೇಳಿ. 2012ರ 1.7.9 ಆವೃತ್ತಿಯಿಂದ ಗಿಟ್ ಬೇರೆ ಬೇರೆ ಭಾಷೆಗಳಲ್ಲಿ ಮಾತಾಡುವ ಸೌಕರ್ಯ ಪಡೆಯಿತು. ಅದರ ಅನುವಾದಗಳ ಪಟ್ಟಿ ನೋಡಿದೆ. ಸ್ವೀಡಿಷ್ ಇದೆ, ಹುಟ್ಟಿಸಿದವನ ಮನೆಮಾತು. ಬಲ್ಗೇರಿಯನ್ ಇದೆ, ಆ ದೇಶದ ಜನಸಂಖ್ಯೆ ನಮ್ಮ ರಾಜ್ಯದ ಒಂಬತ್ತನೇ ಒಂದು ಪಾಲು ಇರಬಹುದು. ವಿಯೆಟ್ನಾಮಿ ಇದೆ. ಕೆಟಲಾನ್ ಇದೆ, ಸ್ಪೇನಿನೊಳಗೆ ತಮ್ಮ ಭಾಷೆಗಾಗಿ ದಶಕಗಳ ಕಾಲ ಗುದ್ದಾಡಿದ ಜನ, ನಮ್ಮಂಥವರು. 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷ ಜನರ ತಾಯ್ನುಡಿಯಾದ ಕನ್ನಡ? ನಾನು ನೋಡಿದ ಪಟ್ಟಿಯಲ್ಲಿ ಇರಲಿಲ್ಲ. ತಮಿಳು, ತೆಲುಗು, ಹಿಂದಿಯೂ ಇರಲಿಲ್ಲ, ಆದ್ದರಿಂದ ಪಕ್ಕದವರನ್ನು ನೋಡಿ ಹೊಟ್ಟೆಕಿಚ್ಚು ಪಡುವ ಸುಖವೂ ನಮಗಿಲ್ಲ. ಯಾರ ವಿರುದ್ಧ ಧರಣಿ ಕೂರೋಣ? ಕೆಟಲಾನಿಗೆ ಯಾವ ಸರ್ಕಾರವೂ ಆದೇಶ ಹೊರಡಿಸಬೇಕಾಗಲಿಲ್ಲ, ಯಾರೋ ಕೂತು ಬರೆದು ಕಳಿಸಿದರು. ಇಲ್ಲಿ ಘೋಷಣೆ ಕೂಗುವ ಗಂಟಲಿಗೆ ನನ್ನ ನಮಸ್ಕಾರವಿದೆ, ಆದರೆ ಈ ಕೆಲಸಕ್ಕೆ ಬೇಕಾದದ್ದು ಬೆರಳು.

ಪದಗಳ ಬಗ್ಗೆ ಒಂದು ಮಾತು. ಅನುವಾದಕ್ಕೆ ಕೂತಾಗ ದಯವಿಟ್ಟು "ಸಂಗ್ರಹಾಗಾರ", "ವಿಲೀನೀಕರಣ" ಅಂತ ಶುರು ಮಾಡಬೇಡಿ. ಕಾಳು ತುಂಬಿಡುವುದಕ್ಕೆ ನಮ್ಮಲ್ಲಿ ಕಣಜ ಇದೆ. ಕಾಲುವೆ ಒಡೆದು ಹೋಗುವುದಕ್ಕೆ ಕವಲು ಇದೆ. ಮತ್ತೆ ಸೇರಿದರೆ ಕೂಡುವುದು. ತುಂಗಭದ್ರೆಯ ನೀರು ಕುಡಿದವರು ನಾವು, ನೀರಾವರಿಯ ಮಾತು ನಮಗೆ ಬರದೆ ಇನ್ಯಾರಿಗೆ ಬರಬೇಕು?

ಇನ್ನೊಂದು. ಗಿಟ್ ಬೇರೆ, ಗಿಟ್‌ಹಬ್ ಬೇರೆ. ಗಿಟ್‌ಹಬ್ 2008ರಲ್ಲಿ ಶುರುವಾದ ಕಂಪನಿ, 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಅಲ್ಲಿ ಇಡಿ, ತಪ್ಪಿಲ್ಲ, ನಾವೂ ಒಂದು ಪ್ರತಿ ಇಟ್ಟಿದ್ದೇವೆ. ಆದರೆ ನೆಲ್ಲು ನಮ್ಮದು, ಅವರದು ಗೋದಾಮು. ಬಿಟ್‌ಕೀಪರಿನ ಕಥೆ ಈಗಷ್ಟೇ ಕೇಳಿದ್ದೀರಿ.

ಮಸಾರಿಯ ತಿಕ್ಕಾಟ

ನಮ್ಮ ಪದಪಟ್ಟಿ ಏನಾಯಿತು ಅಂತ ಹೇಳಿ ಮುಗಿಸುತ್ತೇನೆ. ಉಳಿದಿದ್ದ ಪದಗಳಿಂದ ಮತ್ತೆ ಶುರು ಮಾಡಿದೆವು. ಸಿರುಗುಪ್ಪದಲ್ಲಿ ಒಂದು ಪೂರ್ತಿ ಪ್ರತಿ, ಕುರುಗೋಡಿನಲ್ಲಿ ಒಂದು, ಬಳ್ಳಾರಿಯಲ್ಲಿ ಒಂದು. ಹಳ್ಳಿಯಲ್ಲಿ ಸಿಗ್ನಲ್ ಇಲ್ಲದಿದ್ದರೂ ಬರೆದು ದಾಖಲೆ ಮಾಡಬಹುದು, ಊರಿಗೆ ಬಂದ ಮೇಲೆ ಕೂಡಿಸಬಹುದು.

ಒಂದು ದಿನ ಕೂಡಿಸಲು ಹೋದರೆ ಗಿಟ್ ತಡೆದು ನಿಲ್ಲಿಸಿತು. ಮಸಾರಿ ಎಂಬ ಮಾತಿಗೆ ಕುರುಗೋಡಿನವನು "ಕೆಂಪು ನೆಲ" ಅಂತ ಅರ್ಥ ಬರೆದಿದ್ದ. ಸಿರುಗುಪ್ಪದವನು ಅದೇ ಸಾಲನ್ನು "ಮರಳು ಬೆರೆತ ಕೆಂಪು ನೆಲ" ಅಂತ ತಿದ್ದಿದ್ದ. ಇಂಥದ್ದಕ್ಕೆ ಅವರು ಕಾನ್‌ಫ್ಲಿಕ್ಟ್ ಅನ್ನುತ್ತಾರೆ, ನಾವು ತಿಕ್ಕಾಟ ಅಂತ ಇಟ್ಟುಕೊಂಡಿದ್ದೇವೆ. ಆಗ ಗಿಟ್ ಏನು ಮಾಡಿತು? ಯಾವುದು ಸರಿ ಅಂತ ತೀರ್ಪು ಕೊಡಲಿಲ್ಲ. ನನ್ನ ಹಾಗೆ ಒಂದರ ಮೇಲೆ ಇನ್ನೊಂದನ್ನು ಕವುಚಿಯೂ ಹಾಕಲಿಲ್ಲ. ಎರಡನ್ನೂ ಒಂದರ ಕೆಳಗೊಂದು ಇಟ್ಟು, ನಡುವೆ ಗೆರೆ ಎಳೆದು, ನೀವೇ ನೋಡಿಕೊಳ್ಳಿ ಅಂತ ಸುಮ್ಮನಾಯಿತು. ಇಬ್ಬರೂ ಫೋನಿನಲ್ಲಿ ಒಂದು ಗಂಟೆ ಕಿತ್ತಾಡಿದರು. ಕೊನೆಗೆ ನಮ್ಮಪ್ಪನನ್ನು ಕೇಳಿದೆವು. "ಎರಡೂ ಅಂತಾರಪ್ಪ, ಊರಿಂದ ಊರಿಗೆ" ಅಂದರು. ಎರಡನ್ನೂ ಬರೆದು, ಯಾವ ಊರಿನದು ಯಾವುದು ಅಂತ ಸೇರಿಸಿದೆವು. ಆ ಜಗಳವೂ ರಿಜಿಸ್ಟರಿನಲ್ಲಿ ಇದೆ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಈ ಊರಿನಲ್ಲಿ ರಂಜಾನ್ ಸಾಬರ ಹೆಸರನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ಗಡಿ ಎಳೆದವರು ನೆಲ ಹಂಚಿದರು, ಆದರೆ ಸಿರುಗುಪ್ಪದ ಗದ್ದೆಯ ಮಾತು ಗಡಿ ದಾಟಿ ಆ ಕಡೆಯ ಗದ್ದೆಯಲ್ಲೂ ಇದೆ. ಆಲೂರು ಕಡೆಯ ಒಬ್ಬ ಹುಡುಗ ಹೋದ ವರ್ಷ ನಮ್ಮ ಪ್ರತಿ ತೆಗೆದುಕೊಂಡು ಹೋಗಿದ್ದಾನೆ. ಅವನದು ಈಗ ಒಂದು ಕವಲು. ತೆಲುಗು ಬೆರೆತ ಪದಗಳನ್ನು ಸೇರಿಸಬೇಕೋ ಬೇಡವೋ ಎಂದು ನಮ್ಮ ಅವನ ನಡುವೆ ತಿಕ್ಕಾಟ ನಡೆದಿದೆ. ಸೇರಿಸಬೇಕು ಅಂತ ಅವನ ವಾದ. ನನಗೂ ಹಾಗೇ ಅನ್ನಿಸುತ್ತಿದೆ, ನಮ್ಮ ಕುರುಗೋಡಿನವನು ಮಾತ್ರ ಇನ್ನೂ ಒಪ್ಪಿಲ್ಲ.

ಪಕ್ಕದ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟಿದ್ದೇವೆ. ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ. ನಿಮ್ಮ ಅಜ್ಜಿ ಹೇಳುವ, ನಿಮಗೆ ಅರ್ಥ ಗೊತ್ತಿಲ್ಲದ ಒಂದು ಮಾತನ್ನು ಬರೆಯಿರಿ. ಅರ್ಥವನ್ನು ಇವತ್ತು ರಾತ್ರಿ ಮನೆಗೆ ಹೋಗಿ ಕೇಳಿ, ನಾಳೆ ತಿದ್ದಿ ಕಳಿಸಿ. ಕೋಟ್‌ಪಾತ್ ಸೆಟ್ಟಿಂಗ್ ಆಗಲೇ ಮಾಡಿಟ್ಟಿದ್ದೇವೆ.